ಗುಂಡನ ಟೈಮ್‌ಶೀಟ್

ಪುಣೆಯ ವಾಕಡ್‌ನಲ್ಲಿ ನಮ್ಮದು ಏಳನೇ ಮಹಡಿಯ ಬಾಡಿಗೆ ಮನೆ. ಕಳೆದ ಜೂನ್ ಮಳೆಯಲ್ಲಿ ಕೆಳಗಿನ ರಸ್ತೆಯಲ್ಲಿ ಬೀದಿನಾಯಿಯೊಂದಕ್ಕೆ ಟೆಂಪೋ ಗುದ್ದಿತು. ಪಾರ್ಕಿಂಗ್‌ನಲ್ಲಿ ಉಳಿದಿದ್ದ ಅದರ ಒಂದೇ ಮರಿಯನ್ನು ಹೆಂಡತಿ ಟವೆಲ್‌ನಲ್ಲಿ ಸುತ್ತಿ ಮೇಲಕ್ಕೆ ತಂದಳು. ಎರಡು ತಿಂಗಳಿನದು, ಹೊಟ್ಟೆ ಮಾತ್ರ ದೊಡ್ಡದು. ಗುಂಡ ಅಂತ ಹೆಸರಿಟ್ಟೆವು. ಮೊದಲ ದಿನ ಹನ್ನೊಂದು ಸಲ ನೆಲ ಒರೆಸಿದೆ.

ಅದೇ ವಾರ ಗದಗದಿಂದ ಅವ್ವ ಬಂದಳು. ‘ನಾಯಿ ಅಂದ್ರ ಅಂಗಳದಾಗ ಇರಬೇಕೋ ತಮ್ಮಾ. ದೇವರು ಇರೋ ಮನ್ಯಾಗ ಉಚ್ಚಿ ಹೊಯ್ಯಾಕ ಬಿಟ್ಟೀರಲ್ಲ!’ ಎಂದಳು. ಇತ್ತ ಮನೆಮಾಲೀಕರ ಫೋನ್: ‘ಮುಂದಿನ ತಿಂಗಳು ಬರ್ತೀನಿ. ವಾಸನೆ ಬಂದ್ರೆ ನಾಯಿಗೋ ನಿಮಗೋ ಬೇರೆ ಜಾಗ ನೋಡ್ಕೊಳ್ಳಿ.’ ಹೌಸಿಂಗ್ ಸೊಸೈಟಿಗಳು ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ ಎಂದು ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ, ನಿಜ. ಆದರೆ ಹನ್ನೊಂದು ತಿಂಗಳ ಕರಾರಿನವನು ಮಾಲೀಕರ ಮುಂದೆ ಸುತ್ತೋಲೆ ಓದುತ್ತಾ ಕೂರಲಾಗುತ್ತದೆಯೇ?

ಕೆಳಗೆ ಕರೆದೊಯ್ದರೆ ಮುಗಿಯಿತಲ್ಲ ಎನ್ನಬೇಡಿ. ಲಸಿಕೆಗಳೆಲ್ಲ ಮುಗಿಯಲು ಮರಿಗೆ ಸುಮಾರು ನಾಲ್ಕು ತಿಂಗಳು ತುಂಬಬೇಕು. ಅಲ್ಲಿಯವರೆಗೆ ಬೀದಿನಾಯಿ ಓಡಾಡುವ ನೆಲಕ್ಕೆ ಬಿಡಬೇಡಿ ಎಂದರು ಡಾಕ್ಟರು. ಪಾರ್ವೋ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದಂತೆ. ಹಾಗಾಗಿ ಬಾಲ್ಕನಿಯೇ ಗುಂಡನ ಶೌಚಾಲಯ. ಅಲ್ಲಿ ಪತ್ರಿಕೆ ಹಾಸಬೇಕು. ಊರಿನ ಸುದ್ದಿಯನ್ನೆಲ್ಲ ನಾವು ಇ-ಪೇಪರ್‌ನಲ್ಲೇ ಓದುವವರು, ಮನೆಯಲ್ಲಿ ರದ್ದಿ ಎಲ್ಲಿಂದ ಬರಬೇಕು? ಪಕ್ಕದ ಮನೆಯ ಕಾಕೂ ಹಳೇ ಮರಾಠಿ ಪತ್ರಿಕೆಗಳ ಕಟ್ಟನ್ನೇ ಕೊಟ್ಟರು. ಗುಂಡ ಅದನ್ನು ಚೂರು ಚೂರು ಮಾಡಿ, ಹಾಲ್‌ಗೆ ಬಂದು ಹೊಯ್ದ.

ಒಂದು ರಾತ್ರಿ ಎರಡು ಗಂಟೆಗೆ ಆಫೀಸಿನ ಕಾಲ್ ಮುಗಿಸಿ ಏಳುವಾಗ ಅದರ ಮೇಲೇ ಕಾಲಿಟ್ಟೆ. ಆಫೀಸಿನ ಗೆಳೆಯನೊಬ್ಬ ಹೇಳಿದ್ದ ಉಪಾಯ ನೆನಪಾಯಿತು. ಮಲಗಿದ್ದ ಮರಿಯನ್ನು ಎತ್ತಿ ತಂದು, ಮೂತಿಯನ್ನು ಅಲ್ಲಿಗೆ ಒತ್ತಿ ಕಿರುಚಿದೆ. ಅದು ಕಿವಿ ಮಡಚಿ ನೆಲಕ್ಕೆ ಅಂಟಿಕೊಂಡಿತು. ಆಮೇಲೆ ಎರಡು ದಿನ ಹಾಲ್ ಒಣಗಿಯೇ ಇತ್ತು. ಗೆದ್ದೆ ಎಂದುಕೊಂಡೆ. ಮೂರನೇ ದಿನ ಅವ್ವ ಮಂಚದ ಕೆಳಗೆ ಕಸ ಗುಡಿಸಲು ಬಗ್ಗಿದಾಗ ಸತ್ಯ ಹೊರಬಿತ್ತು.

‘ಅದಕ್ಕ ಏನ್ ತಪ್ಪು ಮಾಡೀನಿ ಅಂತ ತಿಳಿದಿಲ್ಲೋ. ನೀ ಬಂದ್ರ ಅಂಜಬೇಕು ಅನ್ನೋದಷ್ಟ ತಿಳದೈತಿ’ ಎಂದಳು.

ಮಾತು ನಿಜವಾಗಿತ್ತು. ನಾನು ಎದುರಿಗಿದ್ದರೆ ಗುಂಡ ಬಾಲ್ಕನಿಯಲ್ಲೂ ಹೊಯ್ಯುತ್ತಿರಲಿಲ್ಲ. ಬಿಗಿಹಿಡಿದು ನಿಂತು, ಒಳಗೆ ಬಂದು ಮಂಚದಡಿ ನುಗ್ಗುತ್ತಿದ್ದ. ಎಂ.ಟೆಕ್ ಮಾಡಿದವನು ನಾನು. ಲಾಗ್ ನೋಡದೆ ಕೋಡ್ ಮುಟ್ಟಬಾರದು ಎಂದು ಜೂನಿಯರ್‌ಗಳಿಗೆ ಪಾಠ ಹೇಳುವವನು. ಆಗಲಾದರೂ ಎಕ್ಸೆಲ್ ತೆರೆದೆ. ತಿಂದದ್ದು, ಮಲಗಿದ್ದು, ಹೊಯ್ದದ್ದು, ಎಲ್ಲಕ್ಕೂ ಸಮಯ ಬರೆದೆ. ನಾಲ್ಕೇ ದಿನದಲ್ಲಿ ಲೆಕ್ಕ ಸಿಕ್ಕಿತು. ನಿದ್ದೆಯಿಂದ ಎದ್ದ ಕೂಡಲೇ ಒಂದು ಸಲ. ಊಟವಾಗಿ 15-20 ನಿಮಿಷಕ್ಕೆ ಇನ್ನೊಂದು. ಆಟದ ನಡುವೆ ಮೂತಿ ನೆಲಕ್ಕೆ ತಾಗಿಸಿ ಗಿರಗಿರ ಸುತ್ತಿದರೆ ಅದೂ ಸೂಚನೆಯೇ. ಈ ವಯಸ್ಸಿನಲ್ಲಿ ಎರಡು-ಮೂರು ಗಂಟೆಗಿಂತ ಹೆಚ್ಚು ತಡೆಯಲು ಅದಕ್ಕೆ ಆಗುವುದೇ ಇಲ್ಲ. ರಾತ್ರಿ ಹನ್ನೊಂದು, ಎರಡು, ಐದಕ್ಕೆ ಅಲಾರಂ ಇಟ್ಟೆವು. ಫಿನಾಯಿಲ್ ನಮ್ಮ ಮೂಗಿಗೆ ಸಾಕು, ನಾಯಿಯ ಮೂಗಿಗೆ ಸಾಲದು. ಹಳೇ ವಾಸನೆ ಹಿಡಿದು ಅದೇ ಜಾಗಕ್ಕೆ ಬರುತ್ತದೆ. ಅದಕ್ಕೆಂದೇ ಸಿಗುವ ಎಂಜೈಮ್ ಕ್ಲೀನರ್ ತಂದು ಒರೆಸಿದೆವು.

ಆದರೆ ಕೆಲಸ ಮಾಡಿಸಿದ್ದು ಅವ್ವ. ಬಾಲ್ಕನಿ ಬಾಗಿಲಲ್ಲಿ ಅಕ್ಕಿ ಆರಿಸುತ್ತಾ ಕೂರುವಳು. ಗುಂಡ ಕಣ್ಣುಬಿಟ್ಟರೆ ಸಾಕು, ಎತ್ತಿ ಪತ್ರಿಕೆ ಮೇಲಿಟ್ಟು ‘ಸ್ಸ್ಸ್ಸ್’ ಎನ್ನುವಳು. ನಮ್ಮನ್ನೆಲ್ಲ ಪಾದಗಳ ಮೇಲೆ ಕೂರಿಸಿಕೊಂಡು ಮಾಡುತ್ತಿದ್ದ ಅದೇ ಸದ್ದು. ಆದ ಮರುಕ್ಷಣವೇ ‘ಶಾಣ್ಯಾ!’ ಎಂದು ಒಂದು ಚೂರು ಜೋಳದ ರೊಟ್ಟಿ. ನಾಯಿ ತರಬೇತುದಾರರು ಹೇಳಿಕೊಡುವುದೂ ಇದನ್ನೇ: ಒಂದೇ ಜಾಗ, ಒಂದೇ ಸದ್ದು, ಆದ ತಕ್ಷಣ ಬಹುಮಾನ. ಅವರು ಅದಕ್ಕೆ ಶುಲ್ಕ ತೆಗೆದುಕೊಳ್ಳುತ್ತಾರೆ, ಅಷ್ಟೇ.

ನನ್ನ ಲೆಕ್ಕ ಮಾತ್ರ ಬಾಕಿ ಇತ್ತು. ಬೆಳಗಿನ ಐದರ ಅಲಾರಂಗೆ ಗುಂಡನನ್ನು ಬಾಲ್ಕನಿಯಲ್ಲಿ ಬಿಟ್ಟು, ಅವನಿಗೆ ಬೆನ್ನು ತಿರುಗಿಸಿ ಕೂರತೊಡಗಿದೆ. ಒಂದು ದಿನ, ಎರಡು ದಿನ, ಒಂದು ವಾರ, ಏನೂ ಇಲ್ಲ. ಎರಡನೇ ವಾರ ಹೊರಗೆ ಸಣ್ಣ ಮಳೆ. ಹಿಂದಿನಿಂದ ಪತ್ರಿಕೆಯ ಮೇಲೆ ಪಟಪಟ ಸದ್ದು. ಮೊದಲು ಮಳೆಯೇ ಅಂದುಕೊಂಡೆ. ತಿರುಗಿದರೆ ಎಲ್ಲಿ ನಿಲ್ಲಿಸಿಬಿಡುತ್ತಾನೋ ಎಂದು ಹಾಗೇ ಕೂತೆ. ಆಮೇಲೆ ಒದ್ದೆ ಮೂತಿಯೊಂದು ಬಂದು ಮೊಣಕೈಗೆ ತಾಗಿತು. ಜೇಬಿನಲ್ಲಿದ್ದ ರೊಟ್ಟಿಯನ್ನೆಲ್ಲ ಕೊಟ್ಟುಬಿಟ್ಟೆ.

ಮಾಲೀಕರು ಬಂದರು, ಮೂಗೆಳೆದರು, ಬಾಡಿಗೆ ಹೆಚ್ಚಿಸುವ ಮಾತಾಡಿ ಹೋದರು. ಅವ್ವನೂ ಗದಗಕ್ಕೆ ಹೊರಟಳು. ಹೋಗುವಾಗ ‘ನಾಯಿ ಅಂಗಳದಾಗ ಇರಬೇಕು’ ಎಂದು ಮತ್ತೊಮ್ಮೆ ಹೇಳಿ, ಡಬ್ಬಿ ತುಂಬ ಕಟಕ ರೊಟ್ಟಿ ಇಟ್ಟಿದ್ದಳು. ‘ಗುಂಡಂದು’ ಎಂದಳು.

ಕಳೆದ ಭಾನುವಾರ ವಿಡಿಯೋ ಕಾಲ್‌ನಲ್ಲಿ ನನ್ನೊಂದಿಗೆ ಎರಡು ಮಾತಾಡಿ, ‘ಎಲ್ಲಿ ಅಂವ?’ ಎಂದಳು. ಫೋನ್ ಕೆಳಗೆ ಹಿಡಿದೆ. ಅವ್ವ ‘ಸ್ಸ್ಸ್ಸ್’ ಎಂದಳು. ಮಲಗಿದ್ದವನು ದಡಬಡಿಸಿ ಎದ್ದು ಬಾಲ್ಕನಿಗೆ ಓಡಿ, ಮುಚ್ಚಿದ ಗಾಜಿಗೆ ಮೂತಿ ಒತ್ತಿ ನಿಂತ.

‘ಬಾಗಲಾ ತಗಿಯೋ’ ಎಂದಳು ಅವ್ವ, ಗದಗದಿಂದ.