ಕಷಾಯ: ನೀರು, ಬೆಂಕಿ ಮತ್ತು ಹೊತ್ತು

ಬೇರು, ತೊಗಟೆ, ಕಾಂಡ, ಬೀಜ ಮುಂತಾದ ಸಸ್ಯಭಾಗಗಳನ್ನು ಜಜ್ಜಿ, ನೀರಿನಲ್ಲಿ ಕುದಿಸಿ, ಸಾರ ಇಳಿದ ಮೇಲೆ ಸೋಸಿಕೊಂಡ ದ್ರವವನ್ನು ಕಷಾಯ ಅಥವಾ ಕ್ವಾಥ ಎನ್ನುತ್ತಾರೆ. ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಮೆಂತೆಗಳನ್ನು ಹುರಿದು ಪುಡಿಮಾಡಿ, ಬೆಲ್ಲ ಮತ್ತು ಹಾಲಿನೊಂದಿಗೆ ಕಾಫಿಯ ಬದಲು ಕುಡಿಯುವ ಮಲೆನಾಡಿನ ಕಷಾಯ ಒಂದು ಪಾನೀಯ. ಈ ಅಧ್ಯಾಯದ ವಿಷಯ ಅದಲ್ಲ, ಮದ್ದಿಗಾಗಿ ಕಾಸುವ ಕಷಾಯ. ಶರಾವತಿಗೆ ಲಿಂಗನಮಕ್ಕಿಯಲ್ಲಿ 1964ರಲ್ಲಿ ಅಣೆಕಟ್ಟು ಪೂರ್ಣಗೊಂಡ ಮೇಲೆ ಹಿನ್ನೀರಿನ ಆಚೆ ಉಳಿದ ಬ್ಯಾಕೋಡು, ತುಮರಿ ಸೀಮೆಯವರು ಸಾಗರದ ಆಸ್ಪತ್ರೆಗೆ ಹೋಗಲು, 2025ರಲ್ಲಿ ಸೇತುವೆ ತೆರೆಯುವವರೆಗೂ, ಲಾಂಚು ಹಿಡಿಯಬೇಕು ಇಲ್ಲವೇ ಬಹುದೂರ ಸುತ್ತಬೇಕಾಗಿತ್ತು. ಅಂಥ ಕಡೆ ಹಿತ್ತಿಲಿನ ಅಮೃತಬಳ್ಳಿ, ಆಡುಸೋಗೆ, ನೆಲನೆಲ್ಲಿಗಳ ಅರಿವು ಮನೆಯ ಆಸ್ತಿಯಾಗಿ ಉಳಿದುದು ಸಹಜ.

ಆಯುರ್ವೇದವು ಸಸ್ಯದಿಂದ ಮದ್ದು ಪಡೆಯುವ ಮೂಲವಿಧಾನಗಳನ್ನು ಐದಾಗಿ ವಿಂಗಡಿಸುತ್ತದೆ: ಹಿಂಡಿದ ರಸ ಸ್ವರಸ, ಅರೆದ ಮುದ್ದೆ ಕಲ್ಕ, ಕುದಿಸಿದ್ದು ಕ್ವಾಥ, ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿದ್ದು ಹಿಮ, ಬಿಸಿನೀರು ಹೊಯ್ದು ಸ್ವಲ್ಪ ಹೊತ್ತು ಬಿಟ್ಟು ಸೋಸಿದ್ದು ಫಾಂಟ. ಐದರಲ್ಲಿ ಕುದಿಸುವುದು ಒಂದೇ ಒಂದು ಎಂಬುದನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು, ಏಕೆಂದರೆ ಸಿಕ್ಕಿದ್ದನ್ನೆಲ್ಲ ಕುದಿಸುವುದು, ಹೆಚ್ಚು ಕುದಿಸಿದಷ್ಟೂ ಗುಣ ಹೆಚ್ಚೆಂದು ನಂಬುವುದು ಬಹುಮಂದಿ ಎಡವುವ ಜಾಗ.

ಶಾರ್ಙ್ಗಧರ ಸಂಹಿತೆ ಹೇಳುವ ಅಳತೆಯಂತೆ, ತರಿತರಿಯಾಗಿ ಕುಟ್ಟಿದ ಒಂದು ಪಲ ದ್ರವ್ಯಕ್ಕೆ ಹದಿನಾರು ಪಟ್ಟು ನೀರು ಹಾಕಿ, ಮಣ್ಣಿನ ಪಾತ್ರೆಯಲ್ಲಿ, ಸಣ್ಣ ಉರಿಯಲ್ಲಿ ಎಂಟನೆಯ ಒಂದು ಭಾಗಕ್ಕೆ ಇಳಿಸಬೇಕು. ಪಲವನ್ನು ಇಂದು 48 ಗ್ರಾಂ ಎಂದು ಎಣಿಸುವುದರಿಂದ, ಸುಮಾರು 768 ಮಿಲಿಲೀಟರ್ ನೀರು 96ಕ್ಕೆ ಇಳಿದಂತಾಯಿತು. ಈ ಲೆಕ್ಕ ಬಲ್ಲವರು ಕೂಡ ಗಮನಿಸದ ಒಂದು ಸಂಗತಿಯೆಂದರೆ, ಒಲೆಯ ಮೇಲೆ ನಡೆಯುವ ಕೆಲಸಗಳು ಎರಡು. ನೀರು ತೊಗಟೆಯ ಒಳಕ್ಕೆ ಹೊಕ್ಕು, ಅಲ್ಲಿನ ಸಾರವನ್ನು ಕರಗಿಸಿ ಹೊರಗೆ ತರುವುದು ಒಂದು. ನೀರು ಆವಿಯಾಗಿ ಹೋಗಿ ಉಳಿದದ್ದು ಗಟ್ಟಿಯಾಗುವುದು ಇನ್ನೊಂದು. ಮೊದಲನೆಯದು ತುಂಡಿನ ಗಾತ್ರ, ನೆನೆದ ಹೊತ್ತು ಮತ್ತು ಬಿಸಿಯಲ್ಲಿ ಇದ್ದ ಹೊತ್ತನ್ನು ಅವಲಂಬಿಸಿದರೆ, ಎರಡನೆಯದು ಉರಿಯನ್ನೂ ಪಾತ್ರೆಯ ಬಾಯಿಯನ್ನೂ ಅವಲಂಬಿಸುತ್ತದೆ. ಅಗಲ ಬಾಯಿಯ ಪಾತ್ರೆಯಲ್ಲಿ ದೊಡ್ಡ ಉರಿ ಹಚ್ಚಿದರೆ, ತೊಗಟೆಯ ಒಳಭಾಗ ಸರಿಯಾಗಿ ನೆನೆಯುವ ಮೊದಲೇ ನೀರು ಎಂಟರಲ್ಲೊಂದಕ್ಕೆ ಬಂದುಬಿಡುತ್ತದೆ. ಅಳತೆ ಶಾಸ್ತ್ರದಂತೆಯೇ ಇರುತ್ತದೆ, ಸಾರ ಮಾತ್ರ ಗಷ್ಟಿನಲ್ಲೇ ಉಳಿದಿರುತ್ತದೆ.

ಹಾಗಾಗಿ ಪಾತ್ರೆಗೆ ಹೊಯ್ಯುವ ನೀರನ್ನು ಹಳಬರ ಗಡಿಯಾರವೆಂದು ತಿಳಿಯುವುದೇ ಹೆಚ್ಚು ಸರಿ. ಮೃದುವಾದ ದ್ರವ್ಯಕ್ಕೆ ನಾಲ್ಕು ಪಟ್ಟು, ಮಧ್ಯಮಕ್ಕೆ ಎಂಟು, ಗಟ್ಟಿಯಾದದ್ದಕ್ಕೆ ಹದಿನಾರು ಪಟ್ಟು ನೀರು ಹಾಕಿ ಕಾಲುಭಾಗಕ್ಕೆ ಇಳಿಸಬೇಕೆಂಬ ಇನ್ನೊಂದು ಪದ್ಧತಿಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. 50 ಗ್ರಾಂ ಎಳೆಯ ಸೊಪ್ಪಿಗೆ 200 ಮಿಲಿಲೀಟರ್ ನೀರಾದರೆ ಆವಿಯಾಗಬೇಕಾದದ್ದು 150. ಅಷ್ಟೇ ತೂಕದ ಬೇರಿಗೆ 800 ಹಾಕಿದಾಗ ಆವಿಯಾಗಬೇಕಾದದ್ದು 600. ಪಾತ್ರೆ ಮತ್ತು ಉರಿ ಅವೇ ಆಗಿದ್ದರೆ ಬೇರು ಸೊಪ್ಪಿಗಿಂತ ನಾಲ್ಕು ಪಟ್ಟು ಹೊತ್ತು ಬೇಯುತ್ತದೆ. ಮನೆಯಲ್ಲಿ ಇದನ್ನು ಅಳೆಯುವುದು ಸುಲಭ: ಮೊದಲು ಉಳಿಯಬೇಕಾದಷ್ಟೇ ನೀರನ್ನು ಪಾತ್ರೆಗೆ ಹಾಕಿ, ಒಂದು ಬಿದಿರು ಕಡ್ಡಿಯನ್ನು ನೆಟ್ಟಗೆ ಇಳಿಸಿ, ನೀರು ಮುಟ್ಟಿದ ಕಡೆ ಚಾಕುವಿನಿಂದ ಗೀರಿ, ಆಮೇಲೆ ಉಳಿದ ನೀರನ್ನು ಹೊಯ್ದರೆ ಆಯಿತು.

ತುಳಸಿ, ಶುಂಠಿ, ದಾಲ್ಚಿನ್ನಿಗಳಂಥ ಪರಿಮಳದ ವಸ್ತುಗಳ ವಿಷಯ ಬೇರೆ. ಅವುಗಳ ಎಣ್ಣೆಯಂಶ ಆವಿಯ ಜೊತೆ ಹಾರಿಹೋಗುವುದರಿಂದ, ಕಷಾಯ ಕುದಿಯುವಾಗ ಮನೆಯೆಲ್ಲ ಘಮಘಮಿಸಿತೆಂದರೆ ಪಾತ್ರೆಯಲ್ಲಿ ಅಷ್ಟು ಕಡಿಮೆಯಾಯಿತೆಂದೇ ಅರ್ಥ. ಕೊರೊನಾ ಬಂದ 2020ರಲ್ಲಿ ಆಯುಷ್ ಸಚಿವಾಲಯ ಸೂಚಿಸಿದ ಆಯುಷ್ ಕ್ವಾಥದಲ್ಲಿ ತುಳಸಿ ನಾಲ್ಕು ಪಾಲು, ದಾಲ್ಚಿನ್ನಿ ಎರಡು, ಒಣಶುಂಠಿ ಎರಡು, ಕಾಳುಮೆಣಸು ಒಂದು ಪಾಲು ಇದ್ದು, ಅದರ 3 ಗ್ರಾಂ ತರಿಪುಡಿಯನ್ನು ಕುದಿಸಿದ 150 ಮಿಲಿಲೀಟರ್ ನೀರಿಗೆ ಹಾಕಿ ಕುಡಿಯಬೇಕೆಂದು ತಿಳಿಸಲಾಗಿತ್ತು. ಹೆಸರು ಕ್ವಾಥವಾದರೂ ವಿಧಾನದಲ್ಲಿ ಅದು ಫಾಂಟಕ್ಕೇ ಹತ್ತಿರ. ಚೀನಾದ ಮನೆಗಳಲ್ಲೂ ಬೇರುಗಳನ್ನು ಮೊದಲು ನೆನೆಸಿ, ಮಣ್ಣಿನ ಪಾತ್ರೆಯಲ್ಲಿ ಎರಡು ಬಾರಿ ಕಾಸಿ ಎರಡೂ ಸಾರಗಳನ್ನು ಕೂಡಿಸುತ್ತಾರೆ, ಪುದೀನದಂಥ ಸೊಪ್ಪನ್ನು ಇಳಿಸುವ ಮುನ್ನವಷ್ಟೇ ಹಾಕುತ್ತಾರೆ. ಅದೇ ನಾಡಿನ ವಿಜ್ಞಾನಿ ತು ಯೂಯೂ, ಚಿಂಗ್‌ಹಾವ್ ಎಂಬ ಗಿಡವನ್ನು ನೀರಿನಲ್ಲಿ ನೆನೆಸಿ ಹಿಂಡಬೇಕೆಂಬ, ನಾಲ್ಕನೆಯ ಶತಮಾನದ ಗೆ ಹಾಂಗ್‌ನ ಸೂಚನೆಯನ್ನು ಓದಿ, ಕಾಯಿಸಿದರೆ ಗುಣ ಕೆಡುತ್ತಿರಬಹುದೆಂದು ಊಹಿಸಿ, ಕಡಿಮೆ ಶಾಖದಲ್ಲಿ ಸಾರ ತೆಗೆದದ್ದರಿಂದಲೇ ಮಲೇರಿಯಾಕ್ಕೆ ಆರ್ಟೆಮಿಸಿನಿನ್ ದೊರೆಯಿತು. 2015ರಲ್ಲಿ ಆಕೆಗೆ ನೊಬೆಲ್ ಪ್ರಶಸ್ತಿ ಬಂತು. ಹಿಮ ವಿಧಾನವನ್ನು ಲಘುವಾಗಿ ಕಾಣುವವರು ನೆನೆಯಬೇಕಾದ ಎಷ್ಟು ಸೊಗಸಾದ ನಿದರ್ಶನ!

ನೆಲ್ಲಿ, ಅಳಲೆಗಳಂಥ ಒಗರು ವಸ್ತುಗಳಲ್ಲಿನ ಟ್ಯಾನಿನ್ ಕಬ್ಬಿಣದೊಂದಿಗೆ ಸೇರಿ ಕಪ್ಪಾಗುವುದರಿಂದ ಮಣ್ಣಿನ ಗಡಿಗೆ ಅಥವಾ ಸ್ಟೀಲ್ ಪಾತ್ರೆಯನ್ನೇ ಬಳಸಬೇಕು. ಕಾಸಿದ ಕಷಾಯವನ್ನು ಅಂದೇ ಮುಗಿಸಬೇಕು. ಸಸ್ಯದ ಗುರುತು ಇದಕ್ಕಿಂತ ಮುಖ್ಯ. ಅಮೃತಬಳ್ಳಿಯ ಬಲಿತ ಕಾಂಡವನ್ನು ಅಡ್ಡ ಕೊಯ್ದರೆ ಚಕ್ರದ ಅರೆಗಳಂಥ ಗೆರೆಗಳು ಕಾಣುತ್ತವೆ, ಮೇಲಿನ ತೆಳು ಸಿಪ್ಪೆ ಉಗುರಿಗೆ ಸುಲಿಯುತ್ತದೆ. ಅದರ ಹತ್ತಿರದ ಸಂಬಂಧಿ ಟಿನೋಸ್ಪೊರಾ ಕ್ರಿಸ್ಪಾದ ಕಾಂಡದ ತುಂಬ ನರುಲಿಯಂಥ ಗುಬುಟುಗಳಿರುತ್ತವೆ, ಮತ್ತು ಅದನ್ನು ಸೇವಿಸಿದವರಲ್ಲಿ ಯಕೃತ್ತು ಕೆಟ್ಟ ವರದಿಗಳಿವೆ. ಗರ್ಭಿಣಿಯರು, ಎಳೆಯ ಮಕ್ಕಳು, ಬೇರೆ ಔಷಧಿ ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳದೆ ಯಾವ ಕಷಾಯವನ್ನೂ ಕುಡಿಯಬಾರದು. ಮಳೆ ನಿಂತು ಬೇಸಿಗೆ ಕಳೆಯುವವರೆಗೆ ಈ ಸೀಮೆಯಲ್ಲಿ ಬರುವ ಜ್ವರವನ್ನಂತೂ ಕಷಾಯದ ಭರವಸೆಯಲ್ಲಿ ಬಿಡುವಂತಿಲ್ಲ; 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಾದ, ಉಣುಗಿನಿಂದ ಹರಡುವ ಮಂಗನ ಕಾಯಿಲೆ 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಜೀವಗಳನ್ನು ತೆಗೆದಿದೆ.

ಯಾವ ಗಿಡದ ಯಾವ ಭಾಗ, ಯಾವ ತಿಂಗಳಿನಲ್ಲಿ ಕಿತ್ತದ್ದು, ನೆನೆಸಿದ್ದೋ ಕುದಿಸಿದ್ದೋ, ಎಷ್ಟು ನೀರು, ಎಷ್ಟು ಹೊತ್ತು ಎಂಬ ವಿವರಗಳನ್ನು ಬ್ಯಾಕೋಡು, ಹೊಸನಗರ, ತೀರ್ಥಹಳ್ಳಿಗಳ ಹಿರಿಯರಿಂದ ಕೇಳಿ ಬರೆದಿಡುವ, ಆ ಗಿಡಗಳ ಒಣಮಾದರಿಗಳನ್ನು ಕೂಡಿಡುವ ಕೆಲಸವನ್ನು ಸುತ್ತಲಿನ ಕಾಲೇಜುಗಳ ಸಸ್ಯಶಾಸ್ತ್ರ ಮತ್ತು ರಸಾಯನಶಾಸ್ತ್ರ ವಿಭಾಗಗಳು ಒಟ್ಟಾಗಿ ಕೈಗೊಳ್ಳಬೇಕು. ಓದುಗರು ತಮ್ಮ ಮನೆಯ ಒಂದು ಕಷಾಯದ ವಿವರವನ್ನಾದರೂ ಹೀಗೆ ಬರೆದಿಟ್ಟರೆ ಆ ಅಧ್ಯಯನಕ್ಕೆ ಮೊದಲ ಪುಟ ಸಿಕ್ಕಂತಾಗುತ್ತದೆ.