ಸೊಂಟದ ಎಕ್ಸ್‌ರೇ, ಅಮೆರಿಕದ ಬಿಲ್: ತಪ್ಪು ಕಲ್ಪನೆಗಳು ಮತ್ತು ವಾಸ್ತವ

ಮಗಳ ಬಾಣಂತನಕ್ಕೆಂದು ನ್ಯೂಜೆರ್ಸಿಗೋ ಕ್ಯಾಲಿಫೋರ್ನಿಯಾಕ್ಕೋ ಹೋದ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದರೆ ಮೊದಲು ಬೇಕಾಗುವುದು ಸೊಂಟದ ಒಂದು ಎಕ್ಸ್‌ರೇ. ನಮ್ಮೂರಲ್ಲಾದರೆ ಕೌಂಟರಿನಲ್ಲಿ ದರ ಕೇಳಿ, ದುಡ್ಡು ಕಟ್ಟಿ, ರಸೀದಿ ತೋರಿಸಿ, ಸ್ವಲ್ಪ ಹೊತ್ತಿಗೆ ಫಿಲ್ಮು ಹಿಡಿದು ಹೊರಬರುತ್ತೇವೆ. ಅಮೆರಿಕದಲ್ಲಿ ಬಹಳ ಸಲ ಬಿಲ್ ಬರುವುದು ಎಕ್ಸ್‌ರೇ ಮುಗಿದು ವಾರಗಳಾದ ಮೇಲೆ. ಎಷ್ಟು ಬರುತ್ತದೋ ಎಂಬ ಭಯಕ್ಕೆ ನೋವು ನುಂಗಿಕೊಂಡು ಮನೆಯಲ್ಲೇ ಕೂರುವ ಹಿರಿಯರಿದ್ದಾರೆ. ಇನ್ಶೂರೆನ್ಸ್ ಇದೆಯಲ್ಲ ಎಂದು ಏನನ್ನೂ ಕೇಳದೆ ಹೋಗಿ ಆಮೇಲೆ ಕಂಗಾಲಾಗುವವರೂ ಇದ್ದಾರೆ. ಇಬ್ಬರಿಗೂ ಈ ಲೆಕ್ಕ ತಿಳಿದಿರಬೇಕು.

ತಪ್ಪು ಕಲ್ಪನೆ: ಸೊಂಟದ ಎಕ್ಸ್‌ರೇಗೆ ಇಂತಿಷ್ಟೇ ಎಂಬ ದರವಿದೆ.

ವಾಸ್ತವ: ದರಕ್ಕಿಂತ ಮೊದಲು ಅಲ್ಲಿ ಇರುವುದು ಸಂಕೇತಸಂಖ್ಯೆ. ಒಂದು ಬದಿಯ ಸೊಂಟದ ಒಂದೇ ಚಿತ್ರಕ್ಕೆ 73501, ಎರಡು ಮೂರು ಕೋನಗಳಿಂದ ತೆಗೆದರೆ 73502. ಸಂಖ್ಯೆ ದೇಶಕ್ಕೆಲ್ಲ ಒಂದೇ, ಬೆಲೆ ಮಾತ್ರ ಒಂದೇ ಆಸ್ಪತ್ರೆಯೊಳಗೂ ಹಲವು. ಆಸ್ಪತ್ರೆ ತಾನೇ ಬರೆದುಕೊಂಡ ಪೂರ್ಣ ದರ ಒಂದು, ಕೈಯಿಂದ ಕಟ್ಟುವವರಿಗೆ ಇಳಿಸಿಕೊಡುವ ನಗದು ದರ ಇನ್ನೊಂದು, ಒಂದೊಂದು ಇನ್ಶೂರೆನ್ಸ್ ಕಂಪನಿಯೊಡನೆ ಮಾಡಿಕೊಂಡ ಒಪ್ಪಂದದ ದರ ಮತ್ತೊಂದು. ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್, ಖಾಸಗಿ ಕ್ಲಿನಿಕ್ಕಿನಲ್ಲಿ ತೆಗೆದ ಇಂಥ ಎಕ್ಸ್‌ರೇಗೆ ಮಾನ್ಯ ಮಾಡುವ ಮೊತ್ತ ನೂರು ಡಾಲರಿಗಿಂತ ಕಡಿಮೆ. ಆಸ್ಪತ್ರೆಗಳ ಪೂರ್ಣ ದರ ಅದರ ಹಲವು ಪಟ್ಟು ಇರುವುದು ಸಾಮಾನ್ಯ.

2021ರ ಜನವರಿ 1ರಿಂದ ಆಸ್ಪತ್ರೆಗಳು ಈ ದರಗಳನ್ನು ತಮ್ಮ ಜಾಲತಾಣದಲ್ಲಿ ಪ್ರಕಟಿಸಲೇಬೇಕೆಂಬ ನಿಯಮವಿದೆ. ಆ ಕಡತಗಳು ಬೃಹತ್ತಾಗಿರುತ್ತವೆ, ಆದರೆ ಸಂಕೇತಸಂಖ್ಯೆ ಕೈಯಲ್ಲಿದ್ದರೆ ಬೇಕಾದ ಸಾಲು ಸಿಗುತ್ತದೆ. ತುರ್ತಿಲ್ಲದ ಎಕ್ಸ್‌ರೇ ಆಗಿದ್ದರೆ ಆಸ್ಪತ್ರೆಗೆ ಸೇರದ ಪ್ರತ್ಯೇಕ ಇಮೇಜಿಂಗ್ ಸೆಂಟರಿಗೆ ಒಂದು ಫೋನ್ ಮಾಡಿ ನೋಡುವುದೇ ಒಳ್ಳೆಯದು. ಸಾಮಾನ್ಯವಾಗಿ ಅಲ್ಲಿಯ ದರ ಬಹಳ ಕಡಿಮೆ.

ತಪ್ಪು ಕಲ್ಪನೆ: ಇನ್ಶೂರೆನ್ಸ್ ಕಾರ್ಡ್ ಇದ್ದರೆ ಕೈಯಿಂದ ಏನೂ ಹೋಗುವುದಿಲ್ಲ.

ವಾಸ್ತವ: ಹೆಚ್ಚು ಜನ ಎಡವುವುದು ಇಲ್ಲೇ. ಅಲ್ಲಿನ ಬಹುಪಾಲು ಪಾಲಿಸಿಗಳಲ್ಲಿ ಡಿಡಕ್ಟಿಬಲ್ ಎಂಬುದಿದೆ. ವರ್ಷದಲ್ಲಿ ಇಂತಿಷ್ಟು ಮೊತ್ತದವರೆಗೆ ಖರ್ಚೆಲ್ಲ ನಿಮ್ಮದು, ಕಂಪನಿ ಕೈಹಾಕುವುದು ಅದು ತುಂಬಿದ ಮೇಲೆ. ಡಿಡಕ್ಟಿಬಲ್ 1,500 ಡಾಲರ್, ಎಕ್ಸ್‌ರೇಯ ಒಪ್ಪಂದದ ದರ 240 ಡಾಲರ್ ಎಂದುಕೊಳ್ಳಿ. ವರ್ಷದ ಮೊದಲ ಖರ್ಚೇ ಇದಾದರೆ ಪೂರ್ತಿ 240 ನೀವೇ ಕಟ್ಟಬೇಕು. ಡಿಡಕ್ಟಿಬಲ್ ತುಂಬಿದ್ದು, ನಿಮ್ಮ ಪಾಲು ಶೇಕಡಾ 20 ಎಂದಿದ್ದರೆ ಅದೇ ಎಕ್ಸ್‌ರೇಗೆ 48 ಡಾಲರ್. ಹೀಗೆ ಜನವರಿಯಲ್ಲಿ ಬಿದ್ದವರೂ ನವೆಂಬರಿನಲ್ಲಿ ಬಿದ್ದವರೂ ಬೇರೆ ಬೇರೆ ದುಡ್ಡು ತೆರುತ್ತಾರೆ. ಮೆಡಿಕೇರ್ ಕೂಡ ಪೂರ್ತಿ ಉಚಿತವಲ್ಲ. 2025ರಲ್ಲಿ ಅದರ ಪಾರ್ಟ್ ಬಿ (ಆಸ್ಪತ್ರೆಗೆ ದಾಖಲಾಗದೆ ಪಡೆಯುವ ಚಿಕಿತ್ಸೆಯ ಭಾಗ) ಡಿಡಕ್ಟಿಬಲ್ 257 ಡಾಲರ್ ಇತ್ತು, ಅದಾದ ಮೇಲೆ ಸಾಮಾನ್ಯವಾಗಿ ಶೇಕಡಾ 20 ರೋಗಿಯ ಪಾಲು.

ಇನ್ಶೂರೆನ್ಸ್ ಕಂಪನಿಯಿಂದ ಮೊದಲು ಬರುವ ವಿವರಪತ್ರ ಬಿಲ್ ಅಲ್ಲ, ಆ ಮಾತು ಅದರ ಮೇಲೇ ಅಚ್ಚಾಗಿರುತ್ತದೆ. ಅದನ್ನು ನೋಡಿ ಗಾಬರಿಯಿಂದ ದುಡ್ಡು ಕಟ್ಟಬೇಡಿ. ಆಸ್ಪತ್ರೆಯ ಬಿಲ್ ಬಂದಾಗ ಎರಡನ್ನೂ ಪಕ್ಕದಲ್ಲಿಟ್ಟು ತಾಳೆ ನೋಡಲು ಅದು ಬೇಕು.

ತಪ್ಪು ಕಲ್ಪನೆ: ಇನ್ಶೂರೆನ್ಸ್ ಇಲ್ಲದವರು ಬರೆದಷ್ಟೂ ಕಟ್ಟಲೇಬೇಕು.

ವಾಸ್ತವ: ಇಲ್ಲ. 2022ರ ಜನವರಿಯಿಂದ ಜಾರಿಯಲ್ಲಿರುವ ‘ನೋ ಸರ್ಪ್ರೈಸಸ್ ಆ್ಯಕ್ಟ್’ ಪ್ರಕಾರ, ಇನ್ಶೂರೆನ್ಸ್ ಇಲ್ಲದವರು ಮುಂಚಿತವಾಗಿ ನಿಗದಿಯಾದ ಪರೀಕ್ಷೆಗೆ ಲಿಖಿತ ಅಂದಾಜು ಪಡೆಯುವ ಹಕ್ಕುಳ್ಳವರು. ಬಿಲ್ ಆ ಅಂದಾಜಿಗಿಂತ 400 ಡಾಲರ್ ಅಥವಾ ಅದಕ್ಕೂ ಹೆಚ್ಚು ಏರಿದ್ದರೆ 120 ದಿನಗಳೊಳಗೆ ತಕರಾರು ಹೂಡಬಹುದು. ಲಾಭರಹಿತ ಎಂದು ತೆರಿಗೆ ವಿನಾಯಿತಿ ಪಡೆದ ಆಸ್ಪತ್ರೆಗಳಂತೂ ಆದಾಯ ಕಡಿಮೆಯಿರುವವರಿಗೆ ನೆರವಿನ ಯೋಜನೆಯನ್ನು ಇಟ್ಟಿರಲೇಬೇಕು. ಮೊದಲ ಬಿಲ್ ಬಂದ ದಿನದಿಂದ ಕನಿಷ್ಠ 240 ದಿನ ಅರ್ಜಿ ಹಾಕಲು ಅವಕಾಶವಿರುತ್ತದೆ. ಅರ್ಜಿ ಹಾಕುವುದು ಭಿಕ್ಷೆ ಬೇಡಿದಂತೆ ಎಂದು ನಮ್ಮವರು ಸಂಕೋಚಪಡುತ್ತಾರೆ. ಅದು ಕಾನೂನು ಕೊಟ್ಟ ದಾರಿ, ಸಂಕೋಚಕ್ಕೆ ಕಾರಣವೇ ಇಲ್ಲ.

ಕೆಲವೆಡೆ ನಗದು ದರ ಇನ್ಶೂರೆನ್ಸಿನ ಒಪ್ಪಂದದ ದರಕ್ಕಿಂತಲೂ ಕಡಿಮೆ ಇರುತ್ತದೆ. ಹಾಗಾಗಿ ಕಾರ್ಡ್ ಇದ್ದವರೂ ಎರಡು ದರಗಳನ್ನೂ ಕೇಳಬೇಕು. ನಗದಾಗಿ ಕಟ್ಟಿದ್ದು ಸಾಮಾನ್ಯವಾಗಿ ಡಿಡಕ್ಟಿಬಲ್ ಲೆಕ್ಕಕ್ಕೆ ಸೇರುವುದಿಲ್ಲ. ಆ ವರ್ಷ ಶಸ್ತ್ರಚಿಕಿತ್ಸೆಯ ಸಾಧ್ಯತೆ ಇದ್ದರೆ ಅಂದಿನ ಉಳಿತಾಯ ಮುಂದೆ ನಷ್ಟವಾಗಬಹುದು.

ತಪ್ಪು ಕಲ್ಪನೆ: ಒಂದು ಎಕ್ಸ್‌ರೇ, ಒಂದು ಬಿಲ್.

ವಾಸ್ತವ: ಆಸ್ಪತ್ರೆಯಲ್ಲಿ ಚಿತ್ರ ತೆಗೆದದ್ದಕ್ಕೆ ಒಂದು ಬಿಲ್, ಅದನ್ನು ನೋಡಿ ವರದಿ ಬರೆದ ರೇಡಿಯಾಲಜಿಸ್ಟ್‌ಗೆ ಇನ್ನೊಂದು. ಎರಡನೆಯದು ಕಂಡಾಗ ಮೋಸವೆಂದು ಸಿಟ್ಟಾಗಬೇಕಿಲ್ಲ. ದರ ವಿಚಾರಿಸುವಾಗಲೇ “ಓದುವ ಡಾಕ್ಟರ ಫೀಸು ಇದರಲ್ಲಿ ಸೇರಿದೆಯೇ?” ಎಂದು ಕೇಳಬೇಕು. ಎಮರ್ಜೆನ್ಸಿಗೆ ಹೋದರೆ ಇನ್ನೂ ಎರಡು ಸೇರುತ್ತವೆ: ಎಮರ್ಜೆನ್ಸಿ ವಿಭಾಗದ ಶುಲ್ಕ, ಅಲ್ಲಿಯ ವೈದ್ಯರ ಶುಲ್ಕ. ಸಾಮಾನ್ಯವಾಗಿ ಬಿಲ್ಲಿನ ದೊಡ್ಡ ಮೊತ್ತ ಅವೇ, ಎಕ್ಸ್‌ರೇ ಅದರೊಳಗಿನ ಚಿಕ್ಕ ಸಾಲು.

ಆದರೂ ಬಿದ್ದ ಮೇಲೆ ಕಾಲೂರಲು ಆಗದವರು ಎಮರ್ಜೆನ್ಸಿಗೇ ಹೋಗಬೇಕು. ದುಡ್ಡಿದೆಯೋ ಇಲ್ಲವೋ, ಪರೀಕ್ಷಿಸಿ ಸ್ಥಿತಿ ಸುಧಾರಿಸುವವರೆಗೆ ನೋಡಿಕೊಳ್ಳುವುದು 1986ರ ಕಾನೂನಿನಂತೆ ಆಸ್ಪತ್ರೆಯ ಕರ್ತವ್ಯ. ವೀಸಾ ಮೇಲೆ ಬಂದವರಿಗೂ ಇದು ಅನ್ವಯಿಸುತ್ತದೆ.

ತಪ್ಪು ಕಲ್ಪನೆ: ಅಪ್ಪ ಅಮ್ಮನಿಗೆ ವಿಸಿಟರ್ ಇನ್ಶೂರೆನ್ಸ್ ಮಾಡಿಸಿದ್ದೇವೆ, ಸಾಕು.

ವಾಸ್ತವ: ಯಾವುದು ಎಂಬುದು ಮುಖ್ಯ. ಅಗ್ಗವಾಗಿ ಸಿಗುವ ‘ಫಿಕ್ಸೆಡ್ ಬೆನಿಫಿಟ್’ ಪಾಲಿಸಿಗಳು ಎಕ್ಸ್‌ರೇಗೆ ಇಷ್ಟು, ಡಾಕ್ಟರ ಭೇಟಿಗೆ ಇಷ್ಟು ಎಂದು ಮೊದಲೇ ಬರೆದ ಮೊತ್ತವನ್ನಷ್ಟೇ ಕೊಡುತ್ತವೆ. ಬಿಲ್ ಎಷ್ಟೇ ಆಗಿರಲಿ, ಮಿಕ್ಕದ್ದು ಮನೆಯವರ ಮೇಲೆ. ‘ಕಾಂಪ್ರಹೆನ್ಸಿವ್’ ಪಾಲಿಸಿ ಡಿಡಕ್ಟಿಬಲ್ ಕಳೆದ ಮೇಲೆ ಖರ್ಚಿನ ದೊಡ್ಡ ಪಾಲನ್ನು ಮಿತಿಯವರೆಗೆ ಹೊರುತ್ತದೆ. ಪ್ರೀಮಿಯಂ ಹೆಚ್ಚಾದರೂ ಅರವತ್ತು ದಾಟಿದವರಿಗೆ ನಾನು ಸೂಚಿಸುವುದು ಇದನ್ನೇ. ಎರಡರಲ್ಲೂ ಹಳೆಯ ಕಾಯಿಲೆ ಸಾಮಾನ್ಯವಾಗಿ ಹೊರಗೆ. ಮೊದಲಿನಿಂದಲೂ ಇರುವ ಸೊಂಟದ ಸಂಧಿವಾತಕ್ಕೆ ಎಕ್ಸ್‌ರೇ ತೆಗೆಸಿದರೆ ಕ್ಲೇಮು ತಿರಸ್ಕಾರವಾಗಬಹುದು, ಅಲ್ಲಿ ಹೋದ ಮೇಲೆ ಬಿದ್ದು ಏಟಾಗಿದ್ದರೆ ಅದು ಹೊಸ ಗಾಯ. ಡಾಕ್ಟರ ಬಳಿ ಬಿದ್ದದ್ದು ಯಾವಾಗ, ಹೇಗೆ ಎಂದು ಸ್ಪಷ್ಟವಾಗಿ ಹೇಳಿ ದಾಖಲೆಗೆ ಸೇರಿಸಬೇಕು. ಊರಿನ ಮೆಡಿಕ್ಲೇಮ್ ಸಾಮಾನ್ಯವಾಗಿ ಅಲ್ಲಿ ನಡೆಯದು. ಗ್ರೀನ್ ಕಾರ್ಡ್ ಬಂದ ಮಾತ್ರಕ್ಕೆ ಮೆಡಿಕೇರ್ ಕೂಡ ಸಿಗದು. ಅಲ್ಲಿ ಕೆಲಸ ಮಾಡಿದ ಲೆಕ್ಕವಿಲ್ಲದ ಹಿರಿಯರು ಸತತ ಐದು ವರ್ಷ ವಾಸವಾಗಿದ್ದರೆ ಮಾತ್ರ ಪ್ರೀಮಿಯಂ ಕಟ್ಟಿ ಸೇರಬಹುದು.

ತಪ್ಪು ಕಲ್ಪನೆ: ಮೂಳೆ ಸಾಂದ್ರತೆಯ ಪರೀಕ್ಷೆಯೂ ಸೊಂಟದ ಎಕ್ಸ್‌ರೇಯೂ ಒಂದೇ.

ವಾಸ್ತವ: ಬೇರೆ. 65 ದಾಟಿದ ಮಹಿಳೆಯರ ಸಾಂದ್ರತೆಯ ತಪಾಸಣೆಯನ್ನು ಅಲ್ಲಿಯ ಬಹುತೇಕ ಪಾಲಿಸಿಗಳು ಮುಂಜಾಗ್ರತೆಯ ಸೇವೆಯೆಂದು ಉಚಿತವಾಗಿ ಕೊಡಬೇಕು. ನೋವಿಗೆ ತೆಗೆಸುವ ಎಕ್ಸ್‌ರೇಗೆ ಆ ಸೌಲಭ್ಯವಿಲ್ಲ.

ತಪ್ಪು ಕಲ್ಪನೆ: ಎಕ್ಸ್‌ರೇಯಲ್ಲಿ ಏನೂ ಕಾಣದಿದ್ದರೆ ಖರ್ಚೂ ಮುಗಿಯಿತು, ಚಿಂತೆಯೂ ಮುಗಿಯಿತು.

ವಾಸ್ತವ: ಸೊಂಟದ ಕೆಲವು ಬಿರುಕುಗಳು ಎಕ್ಸ್‌ರೇಗೆ ಕಾಣುವುದಿಲ್ಲ, ಎಂಆರ್‌ಐಯಲ್ಲಿ ಗೊತ್ತಾಗುತ್ತವೆ. ವರದಿ ಚೆನ್ನಾಗಿದ್ದರೂ ಕಾಲೂರಿದಾಗ ತೊಡೆಸಂದಿಯಲ್ಲಿ ನೋವು ಉಳಿದಿದ್ದರೆ ಮತ್ತೆ ಡಾಕ್ಟರಿಗೆ ತಿಳಿಸಬೇಕು. ಬಿರುಕಿನ ಮೇಲೆ ನಡೆದಾಡಿದರೆ ಮೂಳೆ ಸರಿದು, ಚಿಕ್ಕದಾಗಿ ಮುಗಿಯಬಹುದಾಗಿದ್ದ ಶಸ್ತ್ರಚಿಕಿತ್ಸೆ ದೊಡ್ಡದಾಗಬಹುದು. ಸಾದಾ ಎಕ್ಸ್‌ರೇಗೆ ಇನ್ಶೂರೆನ್ಸ್ ಕಂಪನಿಯ ಪೂರ್ವಾನುಮತಿ ಬೇಕಾಗುವುದು ಅಪರೂಪ, ಹೊರರೋಗಿಯ ಎಂಆರ್‌ಐಗೆ ಹಲವು ಕಂಪನಿಗಳು ಕೇಳುತ್ತವೆ. ಆದ್ದರಿಂದ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವ ದಿನವೇ ಡಾಕ್ಟರ ಕಚೇರಿಯಲ್ಲಿ ಮೂರು ವಿಷಯ ಬರೆಸಿಕೊಳ್ಳಿ: ಪರೀಕ್ಷೆಯ ಸಂಕೇತಸಂಖ್ಯೆ, ಅನುಮತಿ ಬಂದಿದೆಯೇ ಎಂಬುದು, ಆ ಸೆಂಟರ್ ನಿಮ್ಮ ಇನ್ಶೂರೆನ್ಸಿನ ನೆಟ್‌ವರ್ಕಿನಲ್ಲಿ ಇದೆಯೇ ಎಂಬುದು.