ನೆರೆಮನೆಗೊಂದು ಪಾತ್ರೆ

ನಮ್ಮ ಹಿರಿಯರು ಅಬಿಸೀನಿಯವೆಂದು ಕರೆಯುತ್ತಿದ್ದ ದೇಶಕ್ಕೆ ಈಗ ಇಥಿಯೋಪಿಯವೆಂಬ ಹೆಸರೇ ರೂಢಿ. ಅಲ್ಲಿನ ಕಾಲಗಣನೆಯೇ ಬೇರೆ. ವರ್ಷಕ್ಕೆ 30 ದಿನಗಳ 12 ತಿಂಗಳುಗಳು; ಮಿಕ್ಕ ಐದಾರು ದಿನಗಳು ಹದಿಮೂರನೆಯ ತಿಂಗಳೆನಿಸುವುವು. ಗಂಟೆಯನ್ನು ಸೂರ್ಯೋದಯದಿಂದ ಎಣಿಸುವುದರಿಂದ ನಮ್ಮ ಬೆಳಗಿನ ಏಳು ಅವರಿಗೆ ಒಂದು ಗಂಟೆ. ಘಳಿಗೆಯ ಲೆಕ್ಕವನ್ನು ಬಲ್ಲ ನಮ್ಮ ಅಜ್ಜಂದಿರಿಗಾದರೆ ಇದು ಥಟ್ಟನೆ ತಿಳಿಯುತ್ತಿತ್ತು. ಆ ದೇಶದ ಉತ್ತರಕ್ಕೆ ವೊಲ್ಲೊ ಸೀಮೆಯ ಡೆಸ್ಸಿ ಎಂಬ ಬೆಟ್ಟದೂರಿನಲ್ಲಿ, 2017ರ ಸೆಪ್ಟೆಂಬರಿನಿಂದ 2018ರ ಆಗಸ್ಟ್‌ವರೆಗೆ, ಮಕ್ಕಳ ಶಾಲೆಯೊಂದರಲ್ಲಿ ನಾನು ಸ್ವಯಂಸೇವಕಿಯಾಗಿ ಇಂಗ್ಲಿಷನ್ನೂ ಲೆಕ್ಕವನ್ನೂ ಕಲಿಸುತ್ತಿದ್ದೆ. ಶಾಲೆಯ ಸಂಗತಿ ಇಲ್ಲಿ ಬೇಡ. ಅಲ್ಲಿನ ಹಬ್ಬಗಳ ಅಡುಗೆಯ ವಿಷಯವನ್ನು ನಮ್ಮ ಗೃಹಿಣಿಯರಿಗೆ ತಿಳಿಸಬೇಕೆಂದು ಬಹಳ ದಿನಗಳಿಂದ ಆಸೆಯಿದೆ.

ನಾನು ಇಳಿದುಕೊಂಡಿದ್ದ ಮನೆಯ ಯಜಮಾನಿತಿ ಆರ್ಥಡಾಕ್ಸ್ ಕ್ರೈಸ್ತ ಮತದ ವಿಧವೆ. ಗೋಡೆಯಾಚೆಯ ಮನೆಯವರು ಮುಸಲ್ಮಾನರು. ವೊಲ್ಲೊದಲ್ಲಿ ಇದೇನೂ ವಿಶೇಷವಲ್ಲ. ಎರಡು ಮತದವರ ನಡುವೆ ಲಗ್ನಸಂಬಂಧವೂ ಬಹುಕಾಲದಿಂದ ನಡೆದುಬಂದಿದೆ. ಆದರೆ ಒಂದು ವಿಷಯದಲ್ಲಿ ಮಾತ್ರ ಉಭಯರೂ ಎಳ್ಳಷ್ಟೂ ಸಡಿಲಿಸುವವರಲ್ಲ. ಒಬ್ಬರು ಕೊಯ್ದ ಪ್ರಾಣಿಯ ಮಾಂಸವನ್ನು ಮತ್ತೊಬ್ಬರು ಮುಟ್ಟರು. ಕೊಯ್ಯುವಾಗ ಉಚ್ಚರಿಸುವ ದೇವರ ನಾಮ ಬೇರೆ, ಮಾಂಸದ ಅಂಗಡಿಗಳೂ ಬೇರೆ. ಒಂದರ ಮೇಲೆ ಶಿಲುಬೆ, ಇನ್ನೊಂದರ ಮೇಲೆ ಅರ್ಧಚಂದ್ರ. ಇವರಿಬ್ಬರ ನಡುವೆ ಯಾರು ಕೊಯ್ದುದನ್ನೂ ತಿನ್ನದ ನಾನು ಹೋಗಿ ಸೇರಿದೆ.

ಅಲ್ಲಿ ಊಟವೆಂದರೆ ಎಲ್ಲರಿಗೂ ಒಂದೇ ದೊಡ್ಡ ತಟ್ಟೆ. ಟೆಫ್ ಎಂಬ, ರಾಗಿಗಿಂತಲೂ ಸಣ್ಣದಾದ ಕಾಳಿನ ಹಿಟ್ಟನ್ನು ಹುಳಿಬರಿಸಿ ಹುಯ್ದ ಇಂಜೆರಾ ಎಂಬ ಅಗಲವಾದ ದೋಸೆಯನ್ನು ತಟ್ಟೆಯ ತುಂಬ ಹಾಸಿ, ಅದರ ಮೇಲೆ ವ್ಯಂಜನಗಳನ್ನು ಬಡಿಸುವರು. ಪ್ರೀತಿಪಾತ್ರರಾದ ಅತಿಥಿಗೆ ಮನೆಯವರು ತಾವೇ ತುತ್ತು ಮಾಡಿ ಬಾಯಿಗಿಡುವರು. ಇದಕ್ಕೆ ಗುರ್ಶಾ ಎಂದು ಹೆಸರು. ತುತ್ತು ಎಷ್ಟು ದೊಡ್ಡದೋ ಪ್ರೀತಿಯೂ ಅಷ್ಟು ದೊಡ್ಡದಂತೆ! ಅದನ್ನು ಬೇಡವೆನ್ನುವುದು ಮನೆಯವರಿಗೇ ಅವಮಾನ. ಹಬ್ಬದ ದಿನ ಮಾಂಸದ ತುತ್ತು ಬಾಯ ಬಳಿಗೆ ಬಂದರೆ ಏನು ಮಾಡುವುದೆಂಬ ಚಿಂತೆ ನನ್ನನ್ನು ಮೊದಲ ವಾರದಿಂದಲೇ ಕಾಡುತ್ತಿತ್ತು. ವರ್ಷವಿಡೀ ಯಾರ ಮನೆಯಲ್ಲಿ ಇರಬೇಕೋ ಅವರ ಮನಸ್ಸನ್ನು ನೋಯಿಸುವುದೆ? ನನ್ನ ತಾಯಿ ಕಲಿಸಿದ ನಿಯಮವನ್ನು ಬಿಡುವುದೆ?

ನನ್ನ ಪಾರುಗಾಣಿಸಿದವರು ಶಾಲೆಯ ಒಬ್ಬ ವೃದ್ಧ ಉಪಾಧ್ಯಾಯರು. ಹೈಲೆ ಸೆಲಾಸಿ ಚಕ್ರವರ್ತಿಯ ಆಳ್ವಿಕೆಯಲ್ಲಿ ಭಾರತದಿಂದ ಅನೇಕ ಉಪಾಧ್ಯಾಯರು ಆ ದೇಶದ ಶಾಲೆಗಳಿಗೆ ಹೋಗಿದ್ದರು. ಈ ವೃದ್ಧರಿಗೆ ಬಾಲ್ಯದಲ್ಲಿ ಗಣಿತವನ್ನು ಹೇಳಿಕೊಟ್ಟವರೂ ನಮ್ಮ ದೇಶದವರೇ. ಅವರು ನಮ್ಮ ಯಜಮಾನಿತಿಗೆ, “ಈಕೆಯ ಕಡೆಯವರು ಹುಟ್ಟಿದಂದಿನಿಂದ ಸಾಯುವವರೆಗೂ ತ್ಸೋಮ್ ಹಿಡಿದವರಮ್ಮ. ಮುರಿಸಬೇಡಿ” ಎಂದುಬಿಟ್ಟರು. ತ್ಸೋಮ್ ಎಂದರೆ ಉಪವಾಸವ್ರತ. ಆ ತಾಯಿಗೆ ಒಡನೆಯೇ ಅರ್ಥವಾಯಿತು. ಆದರೆ ನಾನು ಕಾಫಿಗೆ ಹಾಲನ್ನು ಕೇಳಿದಾಗ ಮಾತ್ರ ಆಕೆ ವಿಸ್ಮಯದಿಂದ ನೋಡಿದರು. ಹಾಲು ಕುಡಿಯುವ ಉಪವಾಸವೂ ಉಂಟೆ ಎಂಬ ಸಂಶಯ ಆಕೆಗೆ ಕಡೆಯವರೆಗೂ ತೀರಲಿಲ್ಲ.

ಅವರ ವ್ರತದ ಕಾಠಿಣ್ಯವನ್ನು ನೋಡಿದರೆ ಆ ಸಂಶಯ ಸಹಜವೇ. ಬುಧವಾರ ಶುಕ್ರವಾರಗಳಲ್ಲಿ, ಮತ್ತು ದೊಡ್ಡ ಹಬ್ಬಗಳ ಮುಂಚೆ ವಾರಗಟ್ಟಲೆ, ಮಾಂಸ ಮೊಟ್ಟೆಗಳು ಮಾತ್ರವೇ ಅಲ್ಲದೆ ಹಾಲು ತುಪ್ಪಗಳೂ ವರ್ಜ್ಯ. ಇಂಥ ದಿನಗಳು ಗೃಹಸ್ಥರಿಗೇ ವರ್ಷದಲ್ಲಿ ಸುಮಾರು 180 ಬರುವುವು. ನಮ್ಮ ಏಕಾದಶಿಗಳನ್ನೆಲ್ಲ ಕೂಡಿದರೂ ಇದರ ಕಾಲುಭಾಗವಾಗದು. ಆ ದಿನಗಳಲ್ಲಿ ಕೆಂಪು ತೊಗರಿಯಂಥ ಬೇಳೆಯ ಗೊಜ್ಜು, ಕಡಲೆಹಿಟ್ಟನ್ನು ಎಣ್ಣೆ ಮಸಾಲೆಗಳಲ್ಲಿ ಕುದಿಸಿದ ಶಿರೋ, ಸೊಪ್ಪಿನ ಪಲ್ಯ, ಇವೆಲ್ಲ ತಟ್ಟೆಯ ಮೇಲೆ ಬಣ್ಣಬಣ್ಣವಾಗಿ ಬರುವುವು. ಹೀಗಾಗಿ ಅವರ ಉಪವಾಸ ನನಗೆ ಹಬ್ಬದೂಟವಾಯಿತು.

ಅವರ ಕ್ರಿಸ್‌ಮಸ್ಸಿಗೆ ಗೆನ್ನಾ ಎಂದು ಹೆಸರು. ಅದು ಬರುವುದು ಜನವರಿ 7ರಂದು. ಮುಂಚೆ 43 ದಿನ ವ್ರತ. ಹಿಂದಿನ ರಾತ್ರಿಯೆಲ್ಲ ಜನರು ಬಿಳಿಯ ಹತ್ತಿಯ ವಸ್ತ್ರವನ್ನು ತಲೆತುಂಬ ಹೊದೆದು ಇಗರ್ಜಿಯಲ್ಲಿ ನಿಂತೇ ಇರುವರು. ಪುರೋಹಿತರ ಪಠನ, ನಡುನಡುವೆ ದೊಡ್ಡ ಮದ್ದಳೆಯ ನಿಧಾನವಾದ ಪೆಟ್ಟು, ಚಳಿ, ಮೇಣದಬತ್ತಿ, ಬೇರೆ ಗದ್ದಲವಿಲ್ಲ. ಮರುದಿನ ಬೆಳಗ್ಗೆ ಮನೆಮನೆಯಲ್ಲಿಯೂ ಕೋಳಿಯ ಅಡುಗೆ. ನಮ್ಮ ಯಜಮಾನಿತಿ ಮಾಡಿದ ಏರ್ಪಾಡನ್ನು ಕೇಳಿ. ನೆರೆಮನೆಯ ಯಜಮಾನನನ್ನೇ ಕರೆಯಿಸಿ, ಆತನ ಕೈಯಿಂದಲೇ ಬೇರೊಂದು ಕುರಿಯನ್ನು ಕೊಯ್ಯಿಸಿ, ಆ ಮನೆಯ ಪಾತ್ರೆಯಲ್ಲಿ ಆ ಮನೆಯ ಹೆಂಗಸರಿಂದಲೇ ಬೇಯಿಸಿದರು. ಖರ್ಚು ಮಾತ್ರ ಆಕೆಯದು. ಮೂರನೆಯ ಸಣ್ಣ ಪಾತ್ರೆಯಲ್ಲಿ ನನಗಾಗಿ ಶಿರೋ. ಗುರ್ಶಾದ ಮೊದಲ ತುತ್ತನ್ನು ಅದರಿಂದಲೇ ಮಾಡಿ ನನ್ನ ಬಾಯಿಗಿಟ್ಟರು. ತುತ್ತಿನ ಗಾತ್ರವನ್ನು ಮಾತ್ರ ಕಡಿಮೆ ಮಾಡಲಿಲ್ಲ.

ಹನ್ನೆರಡು ದಿನ ಕಳೆದು ಬಂದ ತಿಮ್‌ಕತ್ ಬೀದಿಯ ಹಬ್ಬ. ಜರತಾರಿ ವಸ್ತ್ರದಲ್ಲಿ ಸುತ್ತಿದ ಪವಿತ್ರ ಫಲಕವನ್ನು ಅರ್ಚಕರು ತಲೆಯ ಮೇಲೆ ಹೊತ್ತು, ಬಣ್ಣದ ಛತ್ರಿಗಳ ನೆರಳಿನಲ್ಲಿ ನೀರಿರುವೆಡೆಗೆ ಹೊರಡುವಾಗ ನಮ್ಮ ತೆಪ್ಪೋತ್ಸವದ ನೆನಪು ಬಾರದೆ ಇರದು. ಮರುದಿನ ಮಂತ್ರಿಸಿದ ನೀರನ್ನು ಎಲ್ಲರ ಮೇಲೆಯೂ ಎರಚುವರು. ಮೆಚ್ಚಿದ ಹುಡುಗಿಯ ಕಡೆಗೆ ಹುಡುಗರು ನಿಂಬೆಹಣ್ಣನ್ನೆಸೆಯುವ ಹಳೆಯ ಪದ್ಧತಿಯೂ ಉಂಟು.

2018ರ ಯುಗಾದಿ ಮಾರ್ಚ್ 18ರಂದು, ಭಾನುವಾರ, ಅವರ ಈಸ್ಟರ್‌ಪೂರ್ವದ 55 ದಿನಗಳ ವ್ರತದ ನಡುವೆ ಬಂತು. ಬೆಲ್ಲವಿಲ್ಲದ ಊರಿನಲ್ಲಿ ಸಕ್ಕರೆಯನ್ನು ಹಾಕಿ, ತುಪ್ಪವನ್ನು ಸೋಕಿಸದೆ, ಬರಿಯ ಎಣ್ಣೆಯಲ್ಲಿ ಕಡಲೆಬೇಳೆಯ ಒಬ್ಬಟ್ಟನ್ನು ಬೇಯಿಸಿದೆ. ತುಪ್ಪವಿಲ್ಲದ ಒಬ್ಬಟ್ಟನ್ನು ನಮ್ಮೂರಿನಲ್ಲಿ ಯಾರೂ ಕ್ಷಮಿಸುವುದಿಲ್ಲ. ಆದರೆ ಎರಡೂ ಮನೆಯವರು ಯಾವ ಸಂಕೋಚವೂ ಇಲ್ಲದೆ ತಿಂದುದು ಅದೊಂದನ್ನೇ.

ಮೇ ತಿಂಗಳ ನಡುವಿನಲ್ಲಿ ರಂಜಾನ್ ಮೊದಲಾಯಿತು. ಇಲ್ಲಿ ಪದಾರ್ಥದ ನಿಷೇಧಕ್ಕಿಂತ ಸೂರ್ಯನ ಕಟ್ಟಳೆ ಹೆಚ್ಚು. ಹಗಲೆಲ್ಲ ನೀರೂ ಇಲ್ಲ. ಸಂಜೆ ಖರ್ಜೂರ, ಗಂಜಿ, ಬೇಳೆಯನ್ನು ತುಂಬಿದ ಸಂಬೂಸಾ. ಹಬ್ಬದ ಬೆಳಗ್ಗೆ ಬಯಲಿನಲ್ಲಿ ಸಾವಿರಾರು ಜನ ಸಾಲುಗಟ್ಟಿ ಬಾಗಿ ಏಳುವುದು, ತಕ್ಬೀರಿನ ಧ್ವನಿ ಬೆಟ್ಟದವರೆಗೆ ಹರಡುವುದು, ಒಂದು ತಾಸಿನೊಳಗೆ ಬೀದಿಯೆಲ್ಲ ನಗು ಅಪ್ಪುಗೆಗಳಿಂದ ತುಂಬುವುದು, ಇವೆಲ್ಲ ಗೆನ್ನಾದ ದೀರ್ಘರಾತ್ರಿಗೆ ತೀರ ಬೇರೆಯಾದ ನೋಟ. ಅಂದು ಜೂನ್ 15, ಶುಕ್ರವಾರ, ಕ್ರೈಸ್ತರಿಗೆ ವ್ರತದ ದಿನ. ನೆರೆಮನೆಯಾಕೆ ಪಂಚಾಂಗವನ್ನು ನಮಗಿಂತ ಮೊದಲೇ ನೋಡಿಕೊಂಡಿದ್ದರು. ಹೊಸ ಪಾತ್ರೆಯೊಂದರಲ್ಲಿ, ಬರಿಯ ಎಣ್ಣೆಯಲ್ಲಿ, ನಮ್ಮಿಬ್ಬರಿಗಾಗಿ ಬೇಳೆ ಸೊಪ್ಪುಗಳು ಸಿದ್ಧವಾಗಿದ್ದವು. ನಮ್ಮ ಯಜಮಾನಿತಿಯೂ ನಾನೂ ಒಂದೇ ತಟ್ಟೆಗೆ ಕುಳಿತೆವು.

ಎಲ್ಲರೂ ಎಲ್ಲವನ್ನೂ ಕೂಡಿ ತಿಂದರೆ ಐಕಮತ್ಯ ಬರುವುದೆಂದು ನಮ್ಮಲ್ಲಿ ಕೆಲವರು ಹೇಳುವುದುಂಟು. ನಾನು ಅಲ್ಲಿ ಕಂಡುದು ಬೇರೆ: ಮತ್ತೊಬ್ಬರ ನಿಯಮವನ್ನು ಅವರಿಗಿಂತ ಚೆನ್ನಾಗಿ ನೆನಪಿಟ್ಟುಕೊಂಡು ಅದಕ್ಕೆಂದೇ ಒಂದು ಪಾತ್ರೆ ತೆಗೆದಿಡುವುದು. ಇದರಲ್ಲಿ ದುಡ್ಡೂ ಹೆಚ್ಚು, ಕೆಲಸವೂ ಹೆಚ್ಚು.

2021ರ ಕೊನೆಯ ತಿಂಗಳುಗಳಲ್ಲಿ ಯುದ್ಧವು ಡೆಸ್ಸಿಯ ಮೇಲೆ ಹಾದುಹೋಯಿತು. ಊರು ಒಮ್ಮೆ ಕೈಬಿಟ್ಟು ಡಿಸೆಂಬರಿನಲ್ಲಿ ಮತ್ತೆ ಸರ್ಕಾರದ ವಶವಾಯಿತು. ವಾರಗಟ್ಟಲೆ ನನಗೆ ಸುದ್ದಿಯಿರಲಿಲ್ಲ. ಜನವರಿಯಲ್ಲಿ ಆ ಹಳೆಯ ಉಪಾಧ್ಯಾಯರೇ ಫೋನು ಮಾಡಿದರು. ಎರಡೂ ಮನೆಯವರು ಒಟ್ಟಿಗೇ ಊರು ಬಿಟ್ಟು ಒಟ್ಟಿಗೇ ಹಿಂದಿರುಗಿದ್ದರಂತೆ. ಮನೆಗಳು ನಿಂತಿದ್ದವು, ಪಾತ್ರೆಪದಾರ್ಥಗಳು ಹೋಗಿದ್ದವು. ಉಳಿದಿದ್ದ ಒಂದೇ ಮಡಕೆಯಲ್ಲಿ ಆ ಸಲದ ಗೆನ್ನಾಕ್ಕೆ ಶಿರೋ ಕುದಿಸಿ, ಇಬ್ಬರೂ ಕೂಡಿ ಉಂಡರಂತೆ. ಆಮೇಲೆ ಯಜಮಾನಿತಿ ಫೋನನ್ನು ಕೈಗೆ ತೆಗೆದುಕೊಂಡು, ಒಬ್ಬಟ್ಟಿಗೆ ಬೇಳೆಯನ್ನು ಎಷ್ಟು ಹೊತ್ತು ಬೇಯಿಸಬೇಕೆಂದು ಕೇಳಿದರು.